ಸಮುದ್ರ ಕಾಣದ ಮೀನು

ಜನವರಿ 9

ಅಮ್ಮಾ,

ನಾನು ಇಲ್ಲಿಗೆ ಬಂದು ಎಂಟು ದಿನವಾಯಿತು. ಫೋನಿನಲ್ಲಿ ನನ್ನ ಬಾಯಿಂದ ‘ಹೂಂ’ ಬಿಟ್ಟು ಬೇರೇನೂ ಹೊರಡುವುದಿಲ್ಲ ಎಂದು ನೀನು ಬೈದದ್ದು ಸರಿಯೇ. ಆ ಕಡೆ ಯಾರೋ ಕಾಯುತ್ತಿದ್ದಾರೆ ಎಂದರೆ ಸಾಕು, ನಾಲಿಗೆ ಒಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಆಫೀಸಿನ ಮಹಡಿಯ ಮೇಲೆ ಒಂದು ಕೋಣೆ ಕೊಟ್ಟಿದ್ದಾರೆ. ಜೊತೆಗೆ ಮೀನಿನ ಆಹಾರದ ಶೆಡ್ ನೋಡಿಕೊಳ್ಳುವ ಅಕ್ಕ ಇದ್ದಾರೆ. ಎಲ್ಲರೂ ಅವರನ್ನು ಫೀಡ್ ಅಕ್ಕ ಎನ್ನುತ್ತಾರೆ. ಕಿಟಕಿ ತೆರೆದರೆ ಮೀನು ಸಾಕುವ ಹನ್ನೆರಡು ಹೊಂಡಗಳು, ಶಾಲೆಯ ಅಂಗಳದಲ್ಲಿ ಸ್ಲೇಟು ಜೋಡಿಸಿ ಒಣಗಲಿಟ್ಟ ಹಾಗೆ. ಪ್ರತಿ ಹೊಂಡದಲ್ಲೂ ನೀರು ಕಡೆಯುವ ಚಕ್ರ ಒಂದೇ ಸಮನೆ ತಿರುಗುತ್ತಿರುತ್ತದೆ. ಮೊದಲ ಎರಡು ದಿನ ತಲೆಯೊಳಗೂ ತಿರುಗಿತು, ಈಗ ಕೇಳಿಸುವುದೇ ಇಲ್ಲ.

ಮ್ಯಾನೇಜರು ನನ್ನ ಅರ್ಜಿ ನೋಡಿ ನಕ್ಕುಬಿಟ್ಟರು. “ಸಾಹಿತ್ಯ ಓದಿದ್ದೀಯಾ? ಒಳ್ಳೇದಾಯ್ತು ಬಿಡು. ಮೀನಿಗೆ ಮಾತು ಬರಲ್ಲ. ಅದರ ಪರವಾಗಿ ನೀನು ಬರಿ.” ಹಾಗಾಗಿ ನನ್ನ ಕೆಲಸ ಎರಡು. ಪೆಟ್ಟಿಗೆ ಪೆಟ್ಟಿಗೆಗೂ ಚೀಟಿ ಅಂಟಿಸುವುದು: ಯಾವ ಹೊಂಡ, ಯಾವ ದಿನ ಹಿಡಿದದ್ದು, ಎಷ್ಟು ತೂಕ. ಮತ್ತೆ, ಕೊಳ್ಳುವವರಿಗೆ ಕೊಡುವ ಕರಪತ್ರ ಬರೆಯುವುದು. ಎರಡು ದಿನ ಕೂತು ಬರೆದೆ. ಮೊದಲ ಸಾಲು ಮ್ಯಾನೇಜರಿಗೆ ಎಷ್ಟು ಹಿಡಿಸಿತೆಂದರೆ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದಾರೆ: ‘ಇದು ಸಮುದ್ರ ಕಾಣದ ಮೀನು.’

ನಿಜ ಹೇಳಬೇಕೆಂದರೆ ಆ ಸಾಲನ್ನು ನಾನು ನಿನಗೆ ಬರೆದದ್ದು.

ಅಣ್ಣ ದೊಡ್ಡ ಬೋಟಿನಿಂದ ಸಮುದ್ರಕ್ಕೆ ಬಿದ್ದು ಈ ತಿಂಗಳಿಗೆ ಎರಡು ವರ್ಷ. ಅಂದಿನಿಂದ ನೀನು ಸಮುದ್ರದ ಮೀನು ಬಾಯಿಗಿಟ್ಟಿಲ್ಲ. ಅಪ್ಪ ತಂದದ್ದನ್ನು ಕೊಯ್ದು, ಬೇಯಿಸಿ, ಅವರಿಗೆ ಬಡಿಸುತ್ತೀ. ನಿನ್ನ ತಟ್ಟೆಯಲ್ಲಿ ಮಾತ್ರ ಇಲ್ಲ. ಯಾಕೆ ಎಂದು ಅಪ್ಪ ಕೇಳಿದಾಗ ನೀನು “ಬೇಡ” ಎಂದಷ್ಟೇ ಹೇಳಿದೆ. ನಾನು ಕೇಳಲೂ ಇಲ್ಲ. ಅರ್ಥವಾಗಿತ್ತು. ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುವ ಕಟ್ಟೆಯ ಮುಂದೆ ನೀನು ತಲೆಸುತ್ತಿ ಬಿದ್ದು ಹೆಬ್ಬೆರಳು ಕೊಯ್ದುಕೊಂಡ ದಿನ ಡಾಕ್ಟರು “ಮೀನಾದರೂ ತಿನ್ನಮ್ಮ, ಮೈಯಲ್ಲಿ ರಕ್ತವೇ ಇಲ್ಲ” ಎಂದಾಗ, ನೀನು ಗೋಡೆಯ ಕ್ಯಾಲೆಂಡರು ನೋಡುತ್ತಾ ಕೂತಿದ್ದೆ.

ಐಸ್ ಗಾಡಿಯವರ ಕೈಯಲ್ಲಿ ಎರಡು ಮೀನು ಕಳಿಸುತ್ತಿದ್ದೇನೆ. ಹೊಂಡದಲ್ಲೇ ಹುಟ್ಟಿ ಹೊಂಡದಲ್ಲೇ ಬೆಳೆದವು. ಇವಕ್ಕೂ ಆ ನೀರಿಗೂ ಸಂಬಂಧವಿಲ್ಲ. ಒಂದು ತುಂಡು ತಿಂದು ನೋಡು.

ನಿನ್ನ
ಇಲಿಮರಿ


ಜನವರಿ 20

ಇಲಿಮರೀ,

ಕಾಗದದಲ್ಲಾದರೂ ನಿನಗೆ ಬಾಯಿ ಬಂತಲ್ಲ, ನನಗೆ ಅಷ್ಟು ಸಾಕು.

ನಿನ್ನ ಮೀನು ಬಂತು. ಐಸ್ ಗಾಡಿಯವನು ಮಾರ್ಕೆಟ್ಟಿನ ಮಧ್ಯೆ ನಿಂತು “ಅಮ್ಮೋ, ನಿಮ್ಮ ಮಗಳ ಕಡೆಯಿಂದ ಬೀಗರು ಬಂದಿದ್ದಾರೆ!” ಎಂದು ಕೂಗಿದ. ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತಿ ಬಿಟ್ಟು ಬಂದು ಸುತ್ತ ನಿಂತರು. ಸೀಗಡಿ ಸುಲಿಯುವವಳು ಮುಟ್ಟಿ ನೋಡಿ, “ಹಾಸ್ಟೆಲ್ಲಿನಲ್ಲಿ ಬೆಳೆದ ಮಕ್ಕಳ ಹಾಗಿದೆ ಕಣೇ, ಎಲ್ಲಾ ಒಂದೇ ಅಳತೆ” ಅಂದಳು.

ಹೊಟ್ಟೆ ಸೀಳಿದೆ. ಒಳಗೆ ಏನೂ ಇರಲಿಲ್ಲ. ತೊಳೆದಿಟ್ಟ ಪಾತ್ರೆಯ ಹಾಗೆ ಚೊಕ್ಕ. ಮೂವತ್ತು ವರ್ಷದಲ್ಲಿ ನಾನು ಇಂಥ ಹೊಟ್ಟೆ ನೋಡಿಲ್ಲ. ಇವಕ್ಕೆ ನೀವು ಊಟ ಹಾಕುವುದಿಲ್ಲವಾ?

ನಿಮ್ಮಪ್ಪ ಒಂದು ಚೂರು ಬಾಯಿಗಿಟ್ಟುಕೊಂಡು, “ಇದು ಮೀನಲ್ಲ, ಈಜು ಕಲಿತ ಕೋಳಿ” ಎಂದು ಪಕ್ಕಕ್ಕೆ ಸರಿಸಿದರು. ಸಾಕಿದ ಮೀನಿಗೆ ಮೈಯಲ್ಲಿ ಕಸುವಿಲ್ಲವಂತೆ, ಅಲೆಯ ಎದುರು ಈಜಿದ್ದಕ್ಕೆ ಮಾತ್ರ ರುಚಿಯಂತೆ. ಅವರಿಗೆ ತಾವು ಹಿಡಿದದ್ದು ಬಿಟ್ಟರೆ ಲೋಕದಲ್ಲಿ ಬೇರೆ ಮೀನಿಲ್ಲ.

ಒಂದು ವಿಷಯ ಸರಿಯಾಗಿ ವಿಚಾರಿಸಿ ಬರೆ. ಇದನ್ನು ಹಿಡಿಯಲು ಎಷ್ಟು ಜನ ಹೋಗುತ್ತಾರೆ? ಎಷ್ಟು ದೂರ ಹೋಗಬೇಕು? ಸಂಜೆಯೊಳಗೆ ಮನೆಗೆ ಬರುತ್ತಾರಾ?

ನಾನು ತಿಂದೆನೋ ಇಲ್ಲವೋ ಎಂದು ಕೇಳಬೇಡ. ಮೊದಲು ಇದಕ್ಕೆ ಉತ್ತರ ಬರೆ.

ಅಮ್ಮ


ಫೆಬ್ರವರಿ 3

ಅಮ್ಮಾ,

ಇದೆಂಥ ಪ್ರಶ್ನೆ! ಮೀನಿನ ಬಗ್ಗೆ ಕೇಳುತ್ತೀ ಎಂದುಕೊಂಡರೆ ಹಿಡಿಯುವವರ ಬಗ್ಗೆ ಕೇಳುತ್ತೀಯಲ್ಲ. ಆದರೂ ನಿನಗೋಸ್ಕರ ಬೆಳಿಗ್ಗೆ ಎದ್ದು ಹೊಂಡದ ದಂಡೆಗೆ ಹೋಗಿ ನಿಂತೆ.

ನಾಲ್ಕು ಜನ. ರಬ್ಬರು ಚಡ್ಡಿ ಹಾಕಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯುತ್ತಾರೆ. ಈ ಕೊನೆಯಿಂದ ಆ ಕೊನೆಗೆ ಬಲೆ ಎಳೆದುಕೊಂಡು ನಡೆಯುತ್ತಾರೆ. ನಾನು ಎಣಿಸಿದೆ, ಎಂಬತ್ತೆರಡು ಹೆಜ್ಜೆ. ಅಷ್ಟೇ ದೂರ. ಮಧ್ಯದಲ್ಲಿ ಒಬ್ಬನಿಗೆ ಹೆಂಡತಿಯ ಫೋನು ಬಂತು, ಬಲೆ ಹಿಡಿದುಕೊಂಡೇ “ಬರ್ತಾ ಸೊಪ್ಪು ತರ್ತೀನಿ ಕಣೇ” ಅಂದ. ಹತ್ತು ಗಂಟೆಗೆ ನಾಲ್ವರೂ ಮೈ ಒರೆಸಿಕೊಂಡು ಟೀ ಕುಡಿಯುತ್ತಿದ್ದರು.

ಹೊಟ್ಟೆ ಖಾಲಿ ಇರುವುದಕ್ಕೂ ಕಾರಣ ಇದೆ. ಹಿಡಿಯುವ ಎರಡು ದಿನ ಮೊದಲು ಆಹಾರ ನಿಲ್ಲಿಸುತ್ತಾರೆ. ದಾರಿಯಲ್ಲಿ ಕೆಡಬಾರದಲ್ಲ. ಮಿಕ್ಕ ದಿನ ಶೆಡ್ಡಿನಿಂದ ಗುಳಿಗೆ ಬರುತ್ತದೆ, ಕಂದು ಬಣ್ಣದ್ದು, ಸಣ್ಣ ಬಿಸ್ಕತ್ತಿನ ಹಾಗೆ. ಬೊಗಸೆಯಲ್ಲಿ ಎರಚಿದರೆ ನೀರು ಕುದಿಯುವಂತೆ ಮೀನು ಮೇಲೆ ಬರುತ್ತವೆ.

ಇನ್ನಾದರೂ ಹೇಳು, ತಿಂದೆಯಾ?

ಇಲಿಮರಿ


ಮಾರ್ಚ್ 2

ಇಲಿಮರೀ,

ತಿಂದೆ. ಎಂಬತ್ತೆರಡು ಹೆಜ್ಜೆ ಎಂದು ಓದಿದ ದಿನವೇ ಬೇಯಿಸಿ ತಿಂದೆ. ಅಂದಿನಿಂದ ನೀನು ಕಳಿಸಿದ ಒಂದನ್ನೂ ಬಿಟ್ಟಿಲ್ಲ. ರುಚಿ ನಿಮ್ಮಪ್ಪ ಹೇಳಿದ ಹಾಗೇ ಇದೆ, ಕೋಳಿಯೇ. ಆದರೆ ಗಂಟಲಲ್ಲಿ ಇಳಿಯುತ್ತದೆ. ತಲೆಸುತ್ತು ಕಡಿಮೆಯಾಗಿದೆ. ಮೊನ್ನೆ ಮೂರು ಪೆಟ್ಟಿಗೆ ಒಬ್ಬಳೇ ಕೊಯ್ದೆ. ಸೀಗಡಿಯವಳು “ಮಗಳ ಮೀನು ತಿಂದು ಮದುಮಗಳ ಹಾಗೆ ಆಗಿದ್ದೀಯ, ಗಂಡನಿಗೆ ಹೇಳು ಹುಷಾರಾಗಿರೋಕೆ” ಅಂದಳು. ಅವಳ ಬಾಯಿಗೆ ಬೀಗವಿಲ್ಲ.

ನಿಮ್ಮಪ್ಪ ಮೊದಲು ದಿನಾ ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಈಗ ನೋಡುವುದಿಲ್ಲ. ತಮ್ಮ ದೋಣಿಯನ್ನು ದಡದಲ್ಲಿ ಕಟ್ಟಿ ಹಾಕಿ ದೊಡ್ಡ ಬೋಟಿಗೆ ಸೇರಿಕೊಂಡಿದ್ದಾರೆ. ಬೆಳಗಿನ ಜಾವ ಹೋದರೆ ಮೂರು ದಿನ, ನಾಲ್ಕು ದಿನ. ಆ ಬೋಟಿನ ಮೀನು ನಮ್ಮ ಮಾರ್ಕೆಟ್ಟಿಗೆ ಬರುವುದಿಲ್ಲ, ಬೋಟು ನಿಲ್ಲುವ ನಮ್ಮ ಧಕ್ಕೆಯಲ್ಲೇ ಲಾರಿಗೆ ತುಂಬುತ್ತಾರಂತೆ. ಗೊಬ್ಬರಕ್ಕೆ ಹೋಗುತ್ತದೆ ಅಂದರು. ಗೊಬ್ಬರಕ್ಕಾಗಿ ಅಷ್ಟು ದೂರ ಯಾಕೆ ಹೋಗಬೇಕು ಅಂದೆ. “ನೀನೀಗ ಊಟ ಮಾಡ್ತಿದ್ದೀಯಲ್ಲ, ನನಗೆ ಮನೆ ಚಿಂತೆ ಇಲ್ಲ” ಅಂದರು.

ಅದನ್ನು ಸಂತೋಷಕ್ಕೆ ಹೇಳಿದರೋ ಏನೋ.

ಅಮ್ಮ


ಏಪ್ರಿಲ್ 6

ಅಮ್ಮಾ,

ಈ ವಾರ ಮೀನು ಕಳಿಸಲಾಗಲಿಲ್ಲ. ಹೊಂಡ ತೊಳೆಯುತ್ತಿದ್ದಾರೆ. ಮುಂದಿನ ವಾರವೂ ಅನುಮಾನ. ಮೊಟ್ಟೆ ತಿನ್ನು. ಬೇಳೆ ತಿನ್ನು.

ಇಲಿಮರಿ


ಏಪ್ರಿಲ್ 15

ಇಲಿಮರೀ,

ಐಸ್ ಗಾಡಿಯವನು ಎರಡು ವಾರವೂ ನಿಮ್ಮಲ್ಲಿಂದಲೇ ಗಾಡಿ ತುಂಬಿಸಿಕೊಂಡು ಬಂದಿದ್ದಾನೆ. “ಹೊಂಡ ತೊಳೀತಿದ್ದಾರಾ?” ಅಂದರೆ “ಯಾವ ಹೊಂಡ?” ಅನ್ನುತ್ತಾನೆ.

ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗ ನೀನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದೆ. ಕಾಗದದಲ್ಲಿ ಸಾಲು ಕಡಿಮೆ ಮಾಡುತ್ತೀ. ಕೆಲಸಕ್ಕೆ ಏನಾದರೂ ತೊಂದರೆಯಾ? ಯಾರಾದರೂ ಏನಾದರೂ ಅಂದರಾ? ನನಗೆ ಮೀನು ಮುಖ್ಯವಲ್ಲ. ಏನಾಯಿತು ಹೇಳು.

ಅಮ್ಮ


ಏಪ್ರಿಲ್ 20

ಅಪ್ಪಾ,

ಈ ಕಾಗದವನ್ನು ಮನೆಗೆ ಕಳಿಸದೆ ಧಕ್ಕೆಯಲ್ಲಿರುವ ಬಲೆ ಹೆಣೆಯುವವರ ಅಂಗಡಿಗೆ ಕಳಿಸುತ್ತಿದ್ದೇನೆ. ಅಮ್ಮನಿಗೆ ಗೊತ್ತಾಗಬಾರದು. ನಿಮಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ. ನೇರವಾಗಿ ಹೇಳಿಬಿಡುತ್ತೇನೆ.

ಕಳೆದ ತಿಂಗಳ ಕೊನೆಗೆ ಫೀಡ್ ಅಕ್ಕನಿಗೆ ಸೊಂಟ ಹಿಡಿದುಕೊಂಡಿತು. ಚೀಲ ಲೆಕ್ಕ ಮಾಡಲು ನನ್ನನ್ನು ಶೆಡ್ಡಿಗೆ ಕಳಿಸಿದರು. ಮೂರು ತಿಂಗಳಿಂದ ಕಿಟಕಿಯಿಂದ ನೋಡುತ್ತಿದ್ದ ಶೆಡ್ಡು, ಒಳಗೆ ಕಾಲಿಟ್ಟದ್ದು ಅಂದೇ. ಬಾಗಿಲಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಗೊತ್ತಿತ್ತು, ಅಪ್ಪಾ. ಮಧ್ಯಾಹ್ನದ ಬಿಸಿಲಿಗೆ ನಮ್ಮ ಧಕ್ಕೆಯಲ್ಲಿ ಬರುವ ವಾಸನೆ. ನಿಮ್ಮ ಅಂಗಿಯ ವಾಸನೆ.

ಒಂದು ಚೀಲದ ಬಾಯಿ ಬಿಚ್ಚಿತ್ತು. ಕೈ ಹಾಕಿದೆ. ಕಂದು ಪುಡಿ. ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಮುಳ್ಳು. ಆ ಚೀಲ ಸರಿಯಾಗಿ ಅರೆದಿರಲಿಲ್ಲ. ಪುಡಿಯೊಳಗೆ ಇಡೀ ಮೀನುಗಳಿದ್ದವು, ನನ್ನ ಕಿರುಬೆರಳಿಗಿಂತ ಚಿಕ್ಕವು, ಒಣಗಿ ಬಾಯಿ ತೆರೆದುಕೊಂಡಿದ್ದವು. ಕಣ್ಣು ಹಾಗೇ ಇತ್ತು.

ಫೀಡ್ ಅಕ್ಕ ಸ್ಟೂಲಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದರು. “ಇದೇನಕ್ಕಾ?” ಅಂದೆ.

“ಇದೇನು ಅಂದ್ರೆ? ಗುಳಿಗೆ ಮಾಡೋ ಪುಡಿ, ಇವುಗಳ ಊಟ.”

“ಮೀನಿಗೆ ಮೀನಾ?”

“ಮತ್ತೆ? ಈ ಜಾತಿ ಸೊಪ್ಪು ಮೇಯಲ್ಲ ಕಣಮ್ಮಾ. ಇವುಗಳ ಮೈ ಒಂದು ಕಿಲೋ ಏಳ್ಬೇಕು ಅಂದ್ರೆ ಎರಡು ಮೂರು ಕಿಲೋ ಸಣ್ಣ ಮೀನು ಅರೀಬೇಕು.”

“ಆ ಸಣ್ಣ ಮೀನು ಯಾವ ಹೊಂಡದ್ದು?”

ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. “ಹೊಂಡದ್ದಾ! ಸಮುದ್ರದ್ದು. ಇಷ್ಟು ದಿನ ಏನಂದ್ಕೊಂಡಿದ್ದೆ? ಓದಿದ ಹುಡುಗಿ, ನೀನೇ ಬರ್ದಿದ್ದೀಯಲ್ಲ ಕರಪತ್ರ!”

ಹೌದು. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು, ಯಾರೂ ಮುಚ್ಚಿಟ್ಟಿರಲಿಲ್ಲ. ನನಗೆ ಕೇಳಲು ಸಂಕೋಚ. ಕೇಳಲಿಲ್ಲ, ಬರೆದೆ.

ಇಷ್ಟಕ್ಕೇ ನಾನು ಹೀಗೆ ಆಗುತ್ತಿರಲಿಲ್ಲವೇನೋ. ಚೀಲದ ಬಾಯಿಗೆ ಒಂದು ಚೀಟಿ ಕಟ್ಟಿತ್ತು. ದಿನಾ ಚೀಟಿ ಬರೆಯುವವಳಲ್ಲವಾ, ಕೈ ತಾನಾಗಿ ಅದನ್ನು ತಿರುಗಿಸಿತು. ಮೀನು ಇಳಿಸಿದ ಸ್ಥಳ ಎಂಬ ಜಾಗದಲ್ಲಿ ನಮ್ಮ ಧಕ್ಕೆಯ ಹೆಸರಿತ್ತು. ಆ ಶೆಡ್ಡಿನಲ್ಲಿ ಅಂಥ ಇನ್ನೂರ ಹದಿನಾರು ಚೀಲಗಳಿದ್ದವು. ಲೆಕ್ಕ ಮಾಡಿ ಪುಸ್ತಕದಲ್ಲಿ ಬರೆದೆ.

ಅಣ್ಣನನ್ನು ನುಂಗಿದ ನೀರಿನ ಮೀನು ಬೇಡ ಎಂದು ಅಮ್ಮ ಎರಡು ವರ್ಷ ಉಪವಾಸ ಮಾಡಿದಳು. ನಾನು ಅದನ್ನೇ ಅರೆದು, ಬೇರೆ ಮೀನಿನ ಮೈ ಮಾಡಿ, ಚೆಂದದ ಸಾಲು ಬರೆದು ಅವಳ ಬಾಯಿಗೆ ಇಟ್ಟೆ. ಈಗ ಏನು ಮಾಡಲಿ? ಹೇಳಿದರೆ ಮತ್ತೆ ತಟ್ಟೆ ಸರಿಸುತ್ತಾಳೆ. ಹೇಳದಿದ್ದರೆ ನಾನು ಪ್ರತಿ ವಾರ ಅವಳಿಗೆ ಸುಳ್ಳನ್ನೇ ಪೆಟ್ಟಿಗೆಯಲ್ಲಿ ತುಂಬಿ ಕಳಿಸಬೇಕು. ನಮ್ಮ ಧಕ್ಕೆಯಿಂದ ಇದಕ್ಕೆ ಮೀನು ಕೊಡುವವರು ಯಾರು, ಅಪ್ಪಾ? ನಿಮಗೆ ಗೊತ್ತಿದೆಯಾ?

ನಿಮ್ಮ ಮಗಳು


ಏಪ್ರಿಲ್ 29

ಮಗಳೇ,

ಕಾಗದ ಸಿಕ್ಕಿತು. ಬೋಟಿನಿಂದ ಇಳಿದು ನೇರ ಅಂಗಡಿಗೆ ಹೋಗಿದ್ದೆ. ಅಲ್ಲೇ ನಿಂತು ಎರಡು ಸಲ ಓದಿದೆ. ಬಲೆಯವನು “ಏನಯ್ಯಾ, ಮಗಳಿಗೆ ಗಂಡು ಗೊತ್ತಾಯ್ತಾ?” ಅಂದ. ನನ್ನ ಮುಖ ನೋಡಿ ಮತ್ತೆ ಬಲೆ ಹೆಣೆಯಲು ಕೂತ.

ಕೊಡುವವರು ಯಾರು ಎಂದು ಕೇಳಿದ್ದೀ. ನಾನು.

ನಾನಿರುವ ಬೋಟಿನ ಮೀನು ಆ ಲಾರಿಗೇ ಹೋಗುವುದು. ಸೊಳ್ಳೆ ಪರದೆಯಂಥ ಬಲೆ ಎಳೆಯುತ್ತೇವೆ. ಬೆರಳಿನಷ್ಟಿರುವುದು, ಉಗುರಿನಷ್ಟಿರುವುದು, ಎಲ್ಲ ಬರುತ್ತದೆ. ಸಲಿಕೆಯಲ್ಲಿ ಎತ್ತಿ ಹಾಕುತ್ತೇವೆ. ನಮ್ಮ ದೋಣಿಯಲ್ಲಿ ಅಂಥದ್ದು ಬಂದರೆ ನಾನೂ ನಿಮ್ಮಣ್ಣನೂ ನೀರಿಗೆ ವಾಪಸ್ ಬಿಡುತ್ತಿದ್ದೆವು. ಗೊಬ್ಬರಕ್ಕೆ ಅಂದಿದ್ದರು. ನಾನೂ ಹೆಚ್ಚು ಕೇಳಲಿಲ್ಲ. ಕೇಳದೇ ಇರುವುದನ್ನು ನೀನು ನನ್ನಿಂದಲೇ ಕಲಿತದ್ದು.

ಸಾಕಿದ ಮೀನು ಎಂದು ನಿಮ್ಮಮ್ಮನ ಎದುರು ಹೀಯಾಳಿಸಿದೆ. ಈಗ ನಾನೇ ಅದಕ್ಕೆ ಉಣ್ಣಿಸುತ್ತಿದ್ದೇನೆ ಅಂದರೆ ನನಗೇ ನಂಬಲಾಗುತ್ತಿಲ್ಲ.

ಅವಳಿಗೆ ಹೇಳಬೇಡ. ಮೀನು ಕಳಿಸು. ಮೂರು ವಾರದಿಂದ ಅವಳ ತಟ್ಟೆ ಮತ್ತೆ ಬರಿದಾಗಿದೆ. ಮೊನ್ನೆ ಕೊಡ ಎತ್ತುವಾಗ ಗೋಡೆ ಹಿಡಿದುಕೊಂಡಳು. ಪಾಪ ಏನಿದ್ದರೂ ನನಗಿರಲಿ. ಕಳಿಸು.

ಅಪ್ಪ


ಮೇ 18

ಅಮ್ಮಾ,

ಎರಡು ವಾರ ಮೀನು ಕಳಿಸಿದೆ. ನೀನು ತಿಂದೆ ಎಂದು ಐಸ್ ಗಾಡಿಯವರು ಹೇಳಿದರು. ಮೂರನೆಯ ಪೆಟ್ಟಿಗೆಗೆ ಚೀಟಿ ಅಂಟಿಸಲು ಕೈ ಬರಲಿಲ್ಲ.

ಅಮ್ಮಾ, ನಾನು ನಿನಗೆ ಸುಳ್ಳು ಬರೆದಿದ್ದೇನೆ. ಗೊತ್ತಿದ್ದು ಬರೆದದ್ದಲ್ಲ, ಆದರೂ ಸುಳ್ಳು. ಈ ಹೊಂಡದ ಮೀನು ತಿನ್ನುವುದು ಸಮುದ್ರದ ಸಣ್ಣ ಮೀನಿನ ಪುಡಿ. ಲಾರಿಯಲ್ಲಿ ಬರುತ್ತದೆ. ನಮ್ಮ ಧಕ್ಕೆಯಿಂದಲೂ ಬರುತ್ತದೆ. ನಾನೇ ಕಣ್ಣಾರೆ ನೋಡಿದೆ. ಹೊಟ್ಟೆ ಚೊಕ್ಕ ಇರುವುದು ಎರಡು ದಿನ ಉಪವಾಸ ಕೆಡವಿದ್ದರಿಂದ ಮಾತ್ರ. ಅದಕ್ಕೆ ಮೊದಲು ಅವು ತಿಂದು ಬೆಳೆದದ್ದೆಲ್ಲ ಆ ನೀರಿನದೇ.

ಮುಂದಿನ ಮಾತು ಬರೆಯಲು ಮೂರು ಹಾಳೆ ಹರಿದಿದ್ದೇನೆ. ನೀನು ಯಾಕೆ ಸಮುದ್ರದ ಮೀನು ಬಿಟ್ಟೆ ಎಂದು ನೀನು ಹೇಳಲಿಲ್ಲ, ಆದರೆ ನನಗೆ ಗೊತ್ತು. ಅಣ್ಣ ಸಿಗಲಿಲ್ಲ. ಆ ನೀರಿನಲ್ಲೇ ಇದ್ದಾನೆ. ಅಲ್ಲಿಯ ಮೀನು ಅವನನ್ನು ಮುಟ್ಟಿರಬಹುದು. ನಿನ್ನ ಕೈಯಲ್ಲಿರುವುದು ಅಂಥದ್ದೇ ಒಂದು ಮೀನಾಗಿರಬಹುದು. ಯಾವ ತಾಯಿ ತಾನೆ ತಿಂದಾಳು? ಅದನ್ನು ತಿಳಿದೇ ನಾನು ನಿನಗೆ ಸಮುದ್ರ ಕಾಣದ ಮೀನು ಹುಡುಕಿದೆ. ಹುಡುಕಿ, ಅದನ್ನೇ ಸುತ್ತಿ ಬಳಸಿ ನಿನ್ನ ತಟ್ಟೆಗೆ ತಂದೆ.

ಬೈಯಿ. ಆದರೆ ಊಟ ಬಿಡಬೇಡ.

ಇಲಿಮರಿ


ಜೂನ್ 10

ಮಗಳೇ,

ಮೂರು ವಾರ ಸುಮ್ಮನಿದ್ದೆ. ಬರೆಯಲು ಕೂತರೆ ಪೆನ್ನು ಕಾಗದವನ್ನು ಹರಿಯುತ್ತಿತ್ತು.

ನಿನಗೆ ಯಾರು ಹೇಳಿದರು? ನಿಮ್ಮಣ್ಣ ಮೀನಿನ ಹೊಟ್ಟೆಯಲ್ಲಿದ್ದಾನೆ ಎಂದು ನಾನು ಯಾವತ್ತು, ಯಾರ ಹತ್ತಿರ ಅಂದೆ? ನಾನು ದಿನಕ್ಕೆ ಮುನ್ನೂರು ಮೀನಿನ ಹೊಟ್ಟೆ ಸೀಳುವವಳು. ಆ ಯೋಚನೆ ನನಗೆ ಬಂದಿದ್ದರೆ ಎರಡು ವರ್ಷದಲ್ಲಿ ಒಂದು ದಿನವಾದರೂ ಕತ್ತಿ ಹಿಡಿಯುತ್ತಿದ್ದೆನಾ? ಬಂದಿರಲಿಲ್ಲ. ದೇವರಾಣೆಗೂ ಬಂದಿರಲಿಲ್ಲ. ನಿನ್ನ ಕಾಗದ ಓದಿ ಮಾರನೆಯ ದಿನ ಕಟ್ಟೆಯ ಮುಂದೆ ಕೂತು ಮೊದಲನೆಯದನ್ನು ಎತ್ತಿಕೊಂಡೆ ನೋಡು, ಆಗ ಬಂತು. ಕತ್ತಿ ಕೆಳಗಿಟ್ಟು ಎದ್ದು ಬಂದೆ. ಐದು ದಿನ ಮಾರ್ಕೆಟ್ಟಿಗೆ ಹೋಗಲಿಲ್ಲ. ಇಷ್ಟು ಓದಿಸಿದ್ದಕ್ಕೆ ನನಗೆ ಇದನ್ನು ಕೊಟ್ಟೆಯಲ್ಲೇ.

ಯಾಕೆ ಬಿಟ್ಟೆ ಎಂದು ಈಗಲಾದರೂ ಕೇಳಿಸಿಕೋ.

ಅವನು ಹೋಗಿ ಮೂರು ವಾರ ಆಗಿತ್ತು. ಒಂದು ಬೆಳಿಗ್ಗೆ ನೋಡಿದರೆ ನಿಮ್ಮಪ್ಪ ದೋಣಿ ತೊಳೆಯುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತೆ. ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಹೋಗಬೇಡಿ ಅಂದರೆ ಅವರಿಗೆ ಬೇರೆ ಯಾವ ಕೆಲಸ ಗೊತ್ತು? ಹೋದರು. ಸಂಜೆ ನಾಲ್ಕು ಮೀನು ತಂದರು. ಬೇಯಿಸಿ ಅವರಿಗೆ ಹಾಕಿದೆ. ನಾನು ಹಾಕಿಕೊಳ್ಳಲಿಲ್ಲ. ಅವರು ನೀರಿಗೆ ಹೋಗಿ ತಂದದ್ದು ನನಗೆ ಬೇಡ, ಅಷ್ಟೇ. ಇನ್ನೊಬ್ಬರನ್ನು ಆ ನೀರಿಗೆ ಕಳಿಸಿ ಅದರಿಂದ ನಾನು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಅವರು ನನ್ನ ತಟ್ಟೆ ನೋಡಿದರು. ಎರಡು ದಿನ ಮನೆಯಲ್ಲೇ ಇದ್ದರು. ಆಮೇಲೆ ಹೋದರೂ ದೂರ ಹೋಗಲಿಲ್ಲ. ಹೊತ್ತು ಮುಳುಗುವುದರೊಳಗೆ ಬಂದು ನನ್ನ ತಟ್ಟೆ ನೋಡುತ್ತಿದ್ದರು. ನಾನು ಬರಿ ತಟ್ಟೆ ತೋರಿಸುತ್ತಿದ್ದೆ. ಅದು ನಾನು ಅವರಿಗೆ ಹಾಕಿದ ಲಂಗರು. ಎರಡು ವರ್ಷ ಅದು ಅವರನ್ನು ದಡದ ಹತ್ತಿರವೇ ಹಿಡಿದಿತ್ತು.

ನಿನ್ನ ಮೀನು ಬಂದಾಗ ಎಷ್ಟು ಜನ ಹೋಗುತ್ತಾರೆ, ಎಷ್ಟು ದೂರ ಎಂದು ಕೇಳಿದೆನಲ್ಲ, ನಿನಗೆ ಅದು ತಮಾಷೆಯಾಯಿತು. ಎಂಬತ್ತೆರಡು ಹೆಜ್ಜೆ ಅಂದೆ. ಯಾರೂ ದಡ ಬಿಡದೆ ಬರುವ ಮೀನು ಎಂದು ತಿಂದೆ. ನಾನು ತಿಂದದ್ದೇ ತಡ, ಅವರ ಹಗ್ಗ ಬಿಚ್ಚಿತು. ದೊಡ್ಡ ಬೋಟು ಹತ್ತಿದರು. ಅದನ್ನು ನಾನು ನೋಡುತ್ತಲೇ ಇದ್ದೆ, ಆದರೂ ತಿಂದೆ. ಹಸಿವು ಕೆಟ್ಟದ್ದು ಕಣೇ. ಎರಡು ವರ್ಷದ ಹಸಿವು.

ಈಗ ನೀನು ಬರೆಯುತ್ತೀ, ಹೊಂಡದ ಮೀನಿಗೆ ಊಟ ನಮ್ಮ ಧಕ್ಕೆಯಿಂದ ಲಾರಿಯಲ್ಲಿ ಬರುತ್ತದೆ ಎಂದು. ಯಾವ ಬೋಟಿನ ಮೀನು ಲಾರಿಗೆ ಹೋಗುತ್ತದೆ ಎಂದು ನೀನು ಬರೆದಿಲ್ಲ. ನನಗೇನು ಕಣ್ಣಿಲ್ಲವಾ? ನನ್ನ ಒಂದು ತುತ್ತಿಗೆ ನಿಮ್ಮಪ್ಪ ನಾಲ್ಕು ನಾಲ್ಕು ದಿನ ಸಮುದ್ರಕ್ಕೆ ಹೋಗುತ್ತಿದ್ದರು. ನನ್ನ ಮಗನನ್ನು ನುಂಗಿದ ನೀರಿಗೆ. ನಾನು ಚಪ್ಪರಿಸಿ ತಿನ್ನುತ್ತಿದ್ದೆ.

ಮೀನು ಕಳಿಸಬೇಡ. ಇದಕ್ಕೆ ಉತ್ತರವನ್ನೂ ಬರೆಯಬೇಡ.

ಅಮ್ಮ


ಜೂನ್ 17

ಅಪ್ಪಾ,

ಅಮ್ಮ ಉತ್ತರ ಬರೆಯಬೇಡ ಅಂದಿದ್ದಾಳೆ. ಅದಕ್ಕೆ ನಿಮಗೆ. ಅವಳು ಯಾಕೆ ತಿನ್ನುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು. ನಿಮಗೂ ಹೇಳಿದ್ದಾಳಾ? ಎರಡು ವರ್ಷ ಅವಳ ಎದುರೇ ಕೂತು ಉಂಡೆ, ಒಂದು ಸಲ ಬಾಯಿಬಿಟ್ಟು ಕೇಳಲಿಲ್ಲ. ಅವಳ ತಲೆಯೊಳಗೆ ಇಲ್ಲದ ಭಯವನ್ನು ನಾನು ಬರೆದು ಕಳಿಸಿದೆ. ನನ್ನ ಕೈ ನೋಡಿದರೆ ನನಗೇ ಹೆದರಿಕೆಯಾಗುತ್ತದೆ.

ಅವಳು ಏನಾದರೂ ತಿನ್ನುತ್ತಿದ್ದಾಳಾ? ಒಂದು ಸಾಲು ಬರೆಯಿರಿ. ರಜೆ ಕೇಳಿದ್ದೇನೆ, ಮುಂದಿನ ವಾರ ಕೊಡುತ್ತಾರಂತೆ.

ನಿಮ್ಮ ಮಗಳು


ಜೂನ್ 23

ಮಗಳೇ,

ಒಂದು ಸಾಲಿನಲ್ಲಿ ಆಗುವುದಿಲ್ಲ.

ಹೋದ ಸೋಮವಾರ ಬೆಳಿಗ್ಗೆ ಬೋಟಿಗೆ ಹೊರಟೆ. ಮನೆಯಲ್ಲಿ ನಿಮ್ಮಮ್ಮ ಕಾಣಲಿಲ್ಲ. ಮಾರ್ಕೆಟ್ಟಿಗೆ ಹೋಗಿರಬೇಕು ಅಂದುಕೊಂಡೆ. ಧಕ್ಕೆಗೆ ಬಂದರೆ ಜನ ನಿಂತು ನೋಡುತ್ತಿದ್ದಾರೆ. ಕಟ್ಟಿ ಹಾಕಿದ್ದ ನಮ್ಮ ದೋಣಿಯೊಳಗೆ ಕೂತಿದ್ದಾಳೆ. ನಿಮ್ಮಣ್ಣ ಕೂರುತ್ತಿದ್ದ ಹಲಗೆಯ ಮೇಲೆ. ತೊಡೆಯ ಮೇಲೆ ಊಟದ ಡಬ್ಬಿ, ಕೈಯಲ್ಲಿ ಮೀನು ಕೊಯ್ಯುವ ಕತ್ತಿ.

“ಏನಿದು? ಇಳಿ” ಅಂದೆ.

“ಇಳಿಯಲ್ಲ.”

“ಜನ ನೋಡ್ತಿದ್ದಾರೆ.”

“ನೋಡ್ಲಿ. ನಾನು ಯಾವ ಮೀನು ತಿಂದ್ರೂ ನೀವು ನೀರಿಗೆ ಹೋಗ್ಲೇಬೇಕು ಅಂತಾದ್ರೆ ನಾನೂ ಬರ್ತೀನಿ. ಹಗ್ಗ ಬಿಚ್ಚಿ.”

ದೊಡ್ಡ ಬೋಟಿನ ಡ್ರೈವರು ಹಾರ್ನು ಹೊಡೆದ. ಇನ್ನೊಂದು ಸಲ ಹೊಡೆದ. ಬಲೆಯವನು “ಅಯ್ಯೋ, ಯಾವುದಾದ್ರೂ ಒಂದಕ್ಕೆ ಹತ್ತಯ್ಯಾ” ಅಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಡ್ರೈವರು ಕಾದು ಕಾದು ಬೈದುಕೊಂಡು ಹೋದ. ನಾನು ನಮ್ಮ ದೋಣಿಯ ಹಗ್ಗ ಬಿಚ್ಚಿದೆ.

ಮೂವತ್ತು ವರ್ಷ ಮೀನು ಕೊಯ್ದವಳು, ದೋಣಿ ಹತ್ತಿದ್ದು ಅದೇ ಮೊದಲು. ಅದು ನನಗೆ ಹೊಳೆದದ್ದೂ ಅಂದೇ. ಎರಡು ಅಲೆ ದಾಟುವಷ್ಟರಲ್ಲಿ ವಾಂತಿ. ವಾಪಸ್ ಹೋಗೋಣ ಅಂದೆ. ಬಾಯಿ ಒರೆಸಿಕೊಂಡು “ಮುಂದೆ” ಎಂದು ಕೈ ತೋರಿಸಿದಳು. ಧಕ್ಕೆಯ ಮೇಲಿನ ಜನ ಚುಕ್ಕೆಯಾಗುವ ತನಕ ಹೋದೆವು. ಅಲ್ಲಿ ಕೇಳಿದಳು, “ಅವನು ಬಿದ್ದದ್ದು ಎಲ್ಲಿ?”

ಕೈ ತೋರಿಸಿದೆ. “ಇನ್ನೂ ಒಂದೂವರೆ ದಿನದ ದಾರಿ.”

“ಆ ಬೋಟು ಅಲ್ಲಿಗೆ ಹೋಗತ್ತಾ?”

ಹೂಂ ಅಂದೆ. ಅದು ಅಲ್ಲಿಗೆ ಹೋಗುತ್ತದೆ ಎಂದು ತಿಳಿದೇ ನಾನು ಸೇರಿದ್ದು ಅಂದೆ. ಪ್ರತಿ ಸಲ ಬಲೆ ಮೇಲೆ ಬರುವಾಗ ನಾನು ಮೀನು ನೋಡುತ್ತಿರಲಿಲ್ಲ ಅಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಿನಗೂ ಈಗಲೇ ಹೇಳುತ್ತಿದ್ದೇನೆ. ಅವಳು ನನ್ನ ಅಂಗಿ ಹಿಡಿದು ಎಳೆದು ಕೂರಿಸಿದಳು. “ಅಲ್ಲಿಗೆ ಬೇಡ” ಅಂದಳು. “ಇಲ್ಲೇ ಬಲೆ ಹಾಕಿ.”

ಹನ್ನೊಂದು ಮೀನು ಸಿಕ್ಕಿತು. ಚಿಕ್ಕದನ್ನು ಅವಳೇ ಹೆಕ್ಕಿ ನೀರಿಗೆ ಬಿಟ್ಟಳು. ದೊಡ್ಡದೊಂದನ್ನು ಕೈಗೆತ್ತಿಕೊಂಡು ಕತ್ತಿ ಇಟ್ಟಳು. ಒತ್ತಲಿಲ್ಲ. ನೀನು ಬರೆದದ್ದು ಅವಳ ತಲೆಯಿಂದ ಹೋಗಿಲ್ಲ, ಅದನ್ನು ನಿನಗೆ ಮುಚ್ಚಿಡುವುದಿಲ್ಲ. ನಾನು ಅವಳ ಕೈಯ ಮೇಲೆ ಕೈ ಇಟ್ಟೆ. ಇಬ್ಬರೂ ಸೇರಿ ಸೀಳಿದೆವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ನೋಡಿ ಹೇಳಿದೆ, “ಸೀಗಡಿ ತಿಂದಿದೆ. ಬೇರೇನಿಲ್ಲ.”

ಮನೆಗೆ ಬಂದು ಬೇಯಿಸಿ ಎರಡು ತಟ್ಟೆ ಇಟ್ಟಳು. ಎರಡಕ್ಕೂ ಮೀನು ಹಾಕಿದಳು. “ಮುಳ್ಳು ನೋಡ್ಕೊಂಡು ತಿನ್ನಿ” ಅಂದಳು. ಊಟಕ್ಕೆ ಕೂತಾಗ ಅವಳು ನನ್ನೊಂದಿಗೆ ಮಾತಾಡಿ ಎರಡು ವರ್ಷ ಆಗಿತ್ತು. ಅರ್ಧ ತಿಂದಳು. ಅರ್ಧ ಉಳಿಸಿದಳು.

ದೊಡ್ಡ ಬೋಟಿನವರಿಗೆ ಬೇರೆ ಆಳು ಸಿಕ್ಕಿದ್ದಾನೆ. ಲಾರಿ ನಿಂತಿಲ್ಲ. ನೀನು ಬಾ. ಅವಳು ಬೈಯುತ್ತಾಳೆ, ಬೈಸಿಕೋ. ಎದುರಿಗೆ ಕೂತು ಬಾಯಿಬಿಟ್ಟು ಕೇಳಬೇಕಾದದ್ದನ್ನು ಕೇಳು.

ಬಲೆಯವನ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತೂ ಡಬ್ಬಿ ಹಿಡಿದುಕೊಂಡು ನನಗಿಂತ ಮೊದಲೇ ದೋಣಿಯಲ್ಲಿ ಕೂತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ. ಆಗಲೇ ಎರಡು ಸಲ ಕೂಗಿದಳು.

ಅಪ್ಪ